ಬಂಕಿನ ಮುಂದೆ ಸಾಲು ಬೆಳೆದಾಗ: ಎಷ್ಟು ಹಾಕಿಸಬೇಕು, ಯಾವಾಗ ಸುಮ್ಮನಿರಬೇಕು

ಸಂಜೆ ಏಳಕ್ಕೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂದರೆ ಸಾಕು, ಎಂಟರ ಹೊತ್ತಿಗೆ ಬಂಕಿನ ಸಾಲು ರಸ್ತೆಗೆ ಬಂದು ನಿಂತಿರುತ್ತದೆ. ಇಂಥ ಸಂದೇಶಗಳಲ್ಲಿ ಎರಡು ಬಗೆ. "ನಾಳೆಯಿಂದ ದರ ಏರುತ್ತದೆ" ಎನ್ನುವುದು ಒಂದು, "ನಾಳೆಯಿಂದ ಪೆಟ್ರೋಲೇ ಸಿಗುವುದಿಲ್ಲ" ಎನ್ನುವುದು ಇನ್ನೊಂದು. ಜನ ಎರಡಕ್ಕೂ ಒಂದೇ ರೀತಿ ಓಡುತ್ತಾರೆ. ಮೊದಲನೆಯದಕ್ಕೆ ಓಡಿ ಪ್ರಯೋಜನವಿಲ್ಲ. ಎರಡನೆಯದು ನಿಜವಾದರೂ ಅದನ್ನು ಎದುರಿಸುವ ಕೆಲಸ ಹಿಂದಿನ ವಾರವೇ ಆಗಿರಬೇಕಿತ್ತು.

ಮೊದಲು ದುಡ್ಡಿನ ಲೆಕ್ಕ

ಮನೆಯಿಂದ ಹೊರಡುವ ಮುಂಚೆ ಒಂದು ನಿಮಿಷ ಕೂತು ಗುಣಾಕಾರ ಮಾಡಿ. ಟ್ಯಾಂಕಿನಲ್ಲಿ ಇನ್ನೆಷ್ಟು ಲೀಟರ್ ಹಿಡಿಯುತ್ತದೆ, ಲೀಟರಿಗೆ ಎಷ್ಟು ಏರುತ್ತದೆ ಎಂಬುದಷ್ಟೇ ಬೇಕು. ಆಕ್ಟಿವಾದಂಥ ಸ್ಕೂಟರಿನ ಟ್ಯಾಂಕ್ 5.3 ಲೀಟರಿನದು. ಅರ್ಧ ಖಾಲಿಯಾಗಿದ್ದರೆ ಎರಡೂವರೆ ಲೀಟರ್ ಹಿಡಿದೀತು. ಲೀಟರಿಗೆ 3 ರೂಪಾಯಿ ಏರಿದರೂ ಇವತ್ತೇ ಹಾಕಿಸಿ ಉಳಿಸುವುದು ಏಳೂವರೆ ರೂಪಾಯಿ. ಕಾರಿಗೆ 30 ಲೀಟರ್ ಹಿಡಿಯುತ್ತದೆ ಎಂದುಕೊಂಡರೆ ಉಳಿತಾಯ 90 ರೂಪಾಯಿ. ಸಾಲಿನಲ್ಲಿ ಎಂಜಿನ್ ಆಫ್ ಮಾಡದೆ, ಎಸಿ ಹಾಕಿಕೊಂಡು ಮುಕ್ಕಾಲು ಗಂಟೆ ನಿಂತರೆ ಕಾರು ಅರ್ಧ ಲೀಟರಿನಷ್ಟು ಅಲ್ಲೇ ಕುಡಿದಿರುತ್ತದೆ. ಉಳಿಸಲು ಹೋದ 90 ರೂಪಾಯಿಯಲ್ಲಿ 50 ಅಲ್ಲೇ ಹೊಗೆಯಾಗಿ ಹೋಯಿತು.

ದರ ಹೇಗೆ ಏರುತ್ತದೆ ಎಂಬುದೂ ಗೊತ್ತಿರಲಿ. 2017ರ ಜೂನ್ 16ರಿಂದ ದೇಶದಲ್ಲಿ ದಿನನಿತ್ಯದ ದರ ಪದ್ಧತಿ ಇದೆ. ಬದಲಾವಣೆ ಇದ್ದರೆ ಬೆಳಿಗ್ಗೆ 6 ಗಂಟೆಗೆ ಜಾರಿಗೆ ಬರುತ್ತದೆ. ಆದರೆ ವಾಸ್ತವದಲ್ಲಿ ದರ ತಿಂಗಳುಗಟ್ಟಲೆ ಅಲುಗಾಡದೆ ನಿಂತು, ಆಮೇಲೆ ಕಂತುಕಂತಾಗಿ ಏರುವುದೂ ಉಂಟು. 2021ರ ನವೆಂಬರಿನಿಂದ ನಾಲ್ಕೂವರೆ ತಿಂಗಳು ಸುಮ್ಮನಿದ್ದ ದರ 2022ರ ಮಾರ್ಚ್ 22ರಿಂದ ಏರತೊಡಗಿತು. 16 ದಿನಗಳಲ್ಲಿ 14 ಸಲ, ಹೆಚ್ಚಿನ ದಿನ 80 ಪೈಸೆಯಂತೆ, ಒಟ್ಟು ಸುಮಾರು 10 ರೂಪಾಯಿ ಹೆಚ್ಚಿತು. ಆ ದಿನಗಳಲ್ಲಿ ಪ್ರತಿ ರಾತ್ರಿ ಬಂಕಿಗೆ ಹೋಗಿ ಸ್ಕೂಟರ್ ತುಂಬಿಸಿದವರಿಗೂ ಒಂದು ಸಲಕ್ಕೆ ಸಿಕ್ಕಿದ್ದು ನಾಲ್ಕು ರೂಪಾಯಿ ಮೀರದು.

ರಾಜ್ಯದ ತೆರಿಗೆ ಏರಿದಾಗ ಕಥೆ ಬೇರೆ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ 25.92ರಿಂದ ಶೇ 29.84ಕ್ಕೆ, ಡೀಸೆಲಿಗೆ ಶೇ 14.34ರಿಂದ ಶೇ 18.44ಕ್ಕೆ ಏರಿಸಿತು. ಎರಡೂ ಲೀಟರಿಗೆ ಸುಮಾರು 3 ರೂಪಾಯಿ ತುಟ್ಟಿಯಾದವು. ಆದೇಶ ತಕ್ಷಣದಿಂದಲೇ ಜಾರಿ, ಅಂದರೆ ಟೀವಿಯಲ್ಲಿ ಸುದ್ದಿ ಓಡುವಾಗ ಹಳೇ ದರದಲ್ಲಿ ಹಾಕಿಸುವ ಅವಕಾಶ ಮುಗಿದಿತ್ತು. 2025ರ ಏಪ್ರಿಲಿನಲ್ಲಿ ಡೀಸೆಲ್ ತೆರಿಗೆ ಶೇ 21.17 ಆದಾಗ ಲೀಟರಿಗೆ 2 ರೂಪಾಯಿ ಹೆಚ್ಚಿತು. ಆಗಲೂ 500 ಲೀಟರ್ ಸುಡುವ ಲಾರಿ ಮಾಲೀಕನಿಗೆ ಅದು ನಿಜವಾದ ಪೆಟ್ಟು. ಪೆಟ್ರೋಲ್ ಸ್ಕೂಟರಿನವರಿಗೆ ಅದು ತಟ್ಟಲೇ ಇಲ್ಲ.

ಸುದ್ದಿ ನಿಜವೋ ಎಂದು ನೋಡಲು ಸುಲಭದ ದಾರಿ ಇದೆ. ನೀವು ಮಾಮೂಲಿಯಾಗಿ ಹೋಗುವ ಬಂಕ್ ಇಂಡಿಯನ್ ಆಯಿಲ್‌ನದಾದರೆ ಅಲ್ಲಿ ಬರೆದಿರುವ ಡೀಲರ್ ಕೋಡ್ ಗುರುತು ಹಾಕಿಕೊಳ್ಳಿ. ಆರ್‌ಎಸ್‌ಪಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಕೋಡ್ ಹಾಕಿ 92249 92249ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಬಂಕಿನ ಅಂದಿನ ದರ ಬರುತ್ತದೆ. ಕಂಪನಿಗಳ ಆ್ಯಪ್‌ಗಳಲ್ಲೂ ಸಿಗುತ್ತದೆ. ಒಂದೇ ಜಿಲ್ಲೆಯ ಎರಡು ಊರುಗಳಲ್ಲಿ ದರ ಕೆಲವು ಪೈಸೆ ಹೆಚ್ಚುಕಮ್ಮಿ ಇದ್ದರೆ ಅದು ಮೋಸವಲ್ಲ, ಡಿಪೋದಿಂದ ಬಂಕಿನವರೆಗಿನ ಸಾಗಣೆ ವೆಚ್ಚದ ವ್ಯತ್ಯಾಸ.

ಬಂಕ್ ಖಾಲಿಯಾಗುವುದು ಹೇಗೆ

ಇದನ್ನು ಸರಿಯಾಗಿ ತಿಳಿದವರು ಗಾಬರಿ ಬೀಳುವುದು ಕಮ್ಮಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ತಾಲ್ಲೂಕು ಕೇಂದ್ರದ ಒಂದು ಸಾಧಾರಣ ಬಂಕ್ ತೆಗೆದುಕೊಳ್ಳಿ. ನೆಲದಡಿ ಪೆಟ್ರೋಲಿಗೆ 20,000 ಲೀಟರಿನ ಟ್ಯಾಂಕ್ ಇದೆ, ದಿನಕ್ಕೆ 4,000 ಲೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. 12,000 ಲೀಟರಿನ ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬಂದರೆ ಎಲ್ಲ ಸುಸೂತ್ರ. ಟ್ಯಾಂಕಿನ ತಳದ ಕೆಲವು ನೂರು ಲೀಟರನ್ನು ಪಂಪು ಎಳೆಯುವುದಿಲ್ಲ, ಅದು ಲೆಕ್ಕಕ್ಕಿಲ್ಲ. ಈಗ ಪುಕಾರು ಹಬ್ಬಿದ ದಿನ ಟ್ಯಾಂಕಿನಲ್ಲಿ 9,000 ಲೀಟರ್ ಇದೆ. ಮಾಮೂಲಿ ದಿನವಾದರೆ ಇನ್ನೆರಡು ದಿನ ಬರುತ್ತಿತ್ತು. ಆದರೆ ನೂರು ರೂಪಾಯಿಗೆ ಹಾಕಿಸುವವರೆಲ್ಲ ಅವತ್ತು ಫುಲ್ ಟ್ಯಾಂಕ್ ಎನ್ನುತ್ತಾರೆ. ಊರಿನ ಹತ್ತು ಸಾವಿರ ಸ್ಕೂಟರುಗಳು ತಲಾ ಎರಡೂವರೆ ಲೀಟರ್ ಹೆಚ್ಚಿಗೆ ಹಾಕಿಸಿದರೆ 25,000 ಲೀಟರ್, ಅಂದರೆ ಎರಡು ಟ್ಯಾಂಕರಿನ ಮಾಲು ನಾಲ್ಕು ಗಂಟೆಯಲ್ಲಿ ಊರಿನ ಬಂಕುಗಳ ನೆಲದಡಿಯಿಂದ ಸ್ಕೂಟರುಗಳ ಸೀಟಿನಡಿಗೆ ಹೋಯಿತು. ದೇಶದಲ್ಲಿ ಒಂದು ಹನಿಯೂ ಕಮ್ಮಿಯಾಗಿಲ್ಲ. ಆದರೂ ರಾತ್ರಿ ಒಂಬತ್ತಕ್ಕೆ "ನೋ ಸ್ಟಾಕ್" ಬೋರ್ಡ್ ಬೀಳುತ್ತದೆ, ಅದರ ಫೋಟೊ ಮತ್ತೆ ವಾಟ್ಸಾಪ್‌ಗೆ ಹೋಗುತ್ತದೆ.

ಡೀಲರ್ ಆಗ ಫೋನ್ ಮಾಡಿದ ಕೂಡಲೇ ಟ್ಯಾಂಕರ್ ಬರುವುದಿಲ್ಲ. ಮುಂಗಡ ಹಣ ಕಂಪನಿಯ ಖಾತೆಗೆ ಹೋಗಬೇಕು, ಇಂಡೆಂಟ್ (ಇಷ್ಟು ಮಾಲು ಬೇಕೆಂಬ ಬೇಡಿಕೆ) ಹಾಕಬೇಕು, ಡಿಪೋದಲ್ಲಿ ಲಾರಿ ಸರದಿಯಲ್ಲಿ ನಿಂತು ತುಂಬಿಸಿಕೊಳ್ಳಬೇಕು, ಸೀಲ್ ಹಾಕಿಸಿಕೊಂಡು ಹೊರಡಬೇಕು. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಿಂದ ಹಾಸನದ ಮೂಲಕ ಬೆಂಗಳೂರಿನ ಹೊರಗಿನ ದೇವನಗೊಂದಿಯವರೆಗೆ ಪೈಪ್‌ಲೈನ್ ಇದೆ. ಮಾಲು ಅಲ್ಲಿಯವರೆಗೆ ಸರಾಗವಾಗಿ ಬರುತ್ತದೆ. ಸಿಕ್ಕಿಕೊಳ್ಳುವುದು ಡಿಪೋದ ಗೇಟಿನಿಂದ ಬಂಕಿನವರೆಗಿನ ಲಾರಿ ದಾರಿಯಲ್ಲಿ. ಒಂದೇ ರಾತ್ರಿ ಎಲ್ಲ ಬಂಕಿನವರೂ ಇಂಡೆಂಟ್ ಹಾಕಿದರೆ ಲಾರಿಗಳೂ ಅಷ್ಟೇ, ಚಾಲಕರೂ ಅಷ್ಟೇ, ತುಂಬಿಸುವ ಕೊಳವೆಗಳೂ ಅಷ್ಟೇ.

ನಿಜವಾಗಿ ತೊಂದರೆಯಾದ ಸಂದರ್ಭಗಳೂ ಇವೆ. ಹೊಸ ದಂಡ ಸಂಹಿತೆಯ ಅಪಘಾತದ ಕಲಂ ವಿರೋಧಿಸಿ 2024ರ ಜನವರಿ 1 ಮತ್ತು 2ರಂದು ಲಾರಿ ಚಾಲಕರು ಗಾಡಿ ನಿಲ್ಲಿಸಿದಾಗ ಮಹಾರಾಷ್ಟ್ರದಿಂದ ಹೈದರಾಬಾದಿನವರೆಗೆ ಬಂಕುಗಳಲ್ಲಿ ನೂಕುನುಗ್ಗಲಾಯಿತು. 2ನೇ ತಾರೀಖಿನ ರಾತ್ರಿ ಮಾತುಕತೆಯ ನಂತರ ಮುಷ್ಕರ ತಣ್ಣಗಾಯಿತು. 2022ರ ಜೂನ್‌ನಲ್ಲಿ ಕಾರಣ ಬೇರೆ ಇತ್ತು. ಕಚ್ಚಾತೈಲ ತುಟ್ಟಿಯಾಗಿದ್ದರೂ ಸರ್ಕಾರಿ ಕಂಪನಿಗಳು ದರ ಏರಿಸಿರಲಿಲ್ಲ, ಖಾಸಗಿ ಬಂಕುಗಳು ನಷ್ಟ ತಾಳದೆ ಮಾರಾಟ ಕಡಿಮೆ ಮಾಡಿದವು, ಸಗಟು ಡೀಸೆಲ್ ಕೊಳ್ಳುವ ಕಾರ್ಖಾನೆ, ಬಸ್ಸುಗಳು ಅಗ್ಗವೆಂದು ಚಿಲ್ಲರೆ ಬಂಕಿಗೇ ಬಂದವು. ಆ ಹೊರೆ ರಾಜಸ್ಥಾನ, ಮಧ್ಯಪ್ರದೇಶದ ಜೊತೆಗೆ ಕರ್ನಾಟಕದ ಸರ್ಕಾರಿ ಕಂಪನಿಗಳ ಬಂಕುಗಳ ಮೇಲೂ ಬಿತ್ತು. 2025ರ ಮೇ ತಿಂಗಳಲ್ಲಿ ಗಡಿಯ ಉದ್ವಿಗ್ನತೆಯ ವೇಳೆ ಪುಕಾರೆದ್ದಾಗ, ದೇಶದೆಲ್ಲೆಡೆ ಸಾಕಷ್ಟು ದಾಸ್ತಾನಿದೆ, ಗಾಬರಿಯಿಂದ ಕೊಳ್ಳಬೇಡಿ ಎಂದು ಇಂಡಿಯನ್ ಆಯಿಲ್ ಬಹಿರಂಗವಾಗಿ ಹೇಳಬೇಕಾಯಿತು.

ತುರ್ತಿನ ಕಚ್ಚಾತೈಲವನ್ನು ದೇಶ ಬಂಡೆ ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ಇಟ್ಟಿದೆ. ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಸೇರಿ ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ 40 ಲಕ್ಷ ಟನ್ ನಮ್ಮ ಕರಾವಳಿಯಲ್ಲೇ. ಆದರೆ ಅದು ಕಚ್ಚಾ ಎಣ್ಣೆ, ಸಂಸ್ಕರಣೆಯಾಗಿ ಬರಬೇಕು. ಇವತ್ತು ಸಂಜೆ ನಿಮ್ಮೂರಿನ ಬಂಕ್ ಬರಿದಾದದ್ದಕ್ಕೆ ಅದು ಮದ್ದಲ್ಲ.

ಮಾಮೂಲಿ ದಿನಗಳಲ್ಲೇ ಮಾಡಬೇಕಾದ್ದು

ಮುಳ್ಳು ಅರ್ಧಕ್ಕೆ ಬಂದಾಗ ಹಾಕಿಸಿ. ಇಷ್ಟೇ. ರಿಸರ್ವ್‌ಗೆ ಬಂದ ಮೇಲೆ, ನೂರು ರೂಪಾಯಿಯಂತೆ ಹಾಕಿಸುವ ಅಭ್ಯಾಸವೇ ಪುಕಾರಿನ ದಿನ ಸಾಲಿನಲ್ಲಿ ನಿಲ್ಲಿಸುವುದು. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ಅರ್ಧ ಟ್ಯಾಂಕ್ ಅಂದರೆ ಸುಮಾರು 120 ಕಿ.ಮೀ. ದಿನಕ್ಕೆ 20 ಕಿ.ಮೀ. ಓಡಾಡುವವರಿಗೆ ಆರು ದಿನ. ಇಂಥ ಗಾಬರಿ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದರಿಂದ ಎಂಜಿನಿಗೂ ಒಳ್ಳೆಯದು. ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿರುತ್ತದೆ, ಅದೇ ಪೆಟ್ರೋಲ್ ಅದನ್ನು ತಂಪಾಗಿಡುತ್ತದೆ. ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಪಂಪು ಕಾದು ಬೇಗ ಕೆಡುತ್ತದೆ, ಅದರ ಬೆಲೆ ಹಲವು ತಿಂಗಳ ದರ ಏರಿಕೆಗಿಂತ ಹೆಚ್ಚು.

ಪುಕಾರಿನ ದಿನ ಹೀಗೆ ತೀರ್ಮಾನಿಸಿ: ಮುಂದಿನ ಮೂರು ದಿನ ಎಷ್ಟು ಕಿ.ಮೀ. ಹೋಗಲೇಬೇಕು ಎಂದು ಕೂಡಿಸಿ, ಮೈಲೇಜಿನಿಂದ ಭಾಗಿಸಿ, ಒಂದು ಲೀಟರ್ ಸೇರಿಸಿ. ಟ್ಯಾಂಕಿನಲ್ಲಿ ಅಷ್ಟಿದ್ದರೆ ಮನೆಯಲ್ಲಿರಿ. ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ, ಅಥವಾ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ. ಜನ ಹೆಚ್ಚಾಗಿ ಮುಗಿಬೀಳುವುದು ಆಫೀಸು ಬಿಟ್ಟ ಮೇಲೆ, ಸಂಜೆ ಆರರಿಂದ ಒಂಬತ್ತರವರೆಗೆ. ಹೆದ್ದಾರಿ ಬಂಕಿಗೆ ದೊಡ್ಡ ಟ್ಯಾಂಕ್ ಇರುತ್ತದೆ, ಊರೊಳಗಿನದಕ್ಕಿಂತ ಅಲ್ಲಿ ಮಾಲು ಉಳಿದಿರುವ ಸಂಭವ ಹೆಚ್ಚು. ಹೋಗುವಾಗ ಸ್ವಲ್ಪ ನಗದು ಇಟ್ಟುಕೊಳ್ಳಿ, ಜನ ಜಾಸ್ತಿಯಾದಾಗ ಯುಪಿಐ ಸುತ್ತುತ್ತಾ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ.

ಬಂಕಿನಲ್ಲಿ ಟ್ಯಾಂಕರ್ ಮಾಲು ಇಳಿಸುತ್ತಿದ್ದರೆ ಆ ಟ್ಯಾಂಕಿನ ಮಾರಾಟ ನಿಲ್ಲಿಸಬೇಕೆಂಬುದು ಸುರಕ್ಷತೆಯ ಪದ್ಧತಿ. ಮಾಲಿದ್ದೂ ಕೊಡುತ್ತಿಲ್ಲ ಎಂದು ಜನ ಅಲ್ಲಿ ಜಗಳ ತೆಗೆಯುತ್ತಾರೆ. ಇಳಿಸುವಾಗ ತಳದ ಕೆಸರು, ನೀರು ಕದಡಿರುತ್ತದೆ, ಆವಿ ಹೊರಗೆ ಬರುತ್ತಿರುತ್ತದೆ. ಕಾಯುವುದು ನಿಮ್ಮ ಗಾಡಿಗೇ ಒಳ್ಳೆಯದು.

ಮೆಷಿನ್ ಮುಂದೆ ನಿಂತಾಗ

ನೂಕುನುಗ್ಗಲಿನಲ್ಲಿಯೇ ಅಳತೆ ತಪ್ಪುವುದು. ಇಳಿದು ನಿಂತು ಮೂರು ಅಂಕಿ ನೋಡಿ: ಸೊನ್ನೆ, ಲೀಟರಿನ ದರ, ಪಕ್ಕದ ಸಾಂದ್ರತೆ. ಹಿಂದಿನವರದು 200 ರೂಪಾಯಿಗೆ ನಿಂತಿದ್ದಾಗ ಸೊನ್ನೆ ಮಾಡದೆ ನಿಮ್ಮದನ್ನು ಅಲ್ಲಿಂದಲೇ ಮುಂದುವರಿಸುವುದು ಹಳೆಯ ಕೈಚಳಕ. ಬಿಲ್ ಕೇಳಿ ತೆಗೆದುಕೊಳ್ಳಿ. ನಾಝಲ್ ತಾನಾಗಿ ಟಕ್ ಎಂದು ನಿಂತ ಮೇಲೆ "ಇನ್ನೂ ಹಾಕಿ ಅಣ್ಣಾ" ಎನ್ನಬೇಡಿ. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು. ಕುತ್ತಿಗೆವರೆಗೆ ತುಂಬಿದರೆ ಬಿಎಸ್6 ಗಾಡಿಗಳಲ್ಲಿ ಆವಿ ಹೀರುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗುತ್ತದೆ.

ಅಳತೆಯ ಮೇಲೆ ಸಂಶಯ ಬಂದರೆ ಐದು ಲೀಟರಿನ ಮಾಪಕ ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ ಅದು ಪ್ರತಿ ಬಂಕಿನಲ್ಲೂ ಇರಬೇಕು. ಐದು ಲೀಟರಿಗೆ 25 ಮಿ.ಲೀ. ವರೆಗಿನ ವ್ಯತ್ಯಾಸ ಮಿತಿಯೊಳಗಿನದು, ಅದಕ್ಕಿಂತ ಕಡಿಮೆ ಬಿದ್ದರೆ ದೂರು. ಕಲಬೆರಕೆಯ ಅನುಮಾನಕ್ಕೆ ಫಿಲ್ಟರ್ ಪೇಪರ್ ಕೇಳಿ. ನಾಝಲಿನ ತುದಿ ಒರೆಸಿ ಒಂದು ಹನಿ ಹಾಕಿದರೆ ಎರಡು ನಿಮಿಷದಲ್ಲಿ ಕಲೆಯಿಲ್ಲದೆ ಆರಿಹೋಗಬೇಕು. ತೆಳು ಬಣ್ಣ ಉಳಿದರೆ ಅದು ಪೆಟ್ರೋಲಿಗೆ ಹಾಕಿದ ಬಣ್ಣ, ಎಣ್ಣೆಯಂಥ ಜಿಡ್ಡಿನ ಕಲೆ ಉಳಿದರೆ ಮಾತ್ರ ಚಿಂತೆ. ಸಾಂದ್ರತೆ ಬಂಕಿನವರು ಬೆಳಿಗ್ಗೆ ಬರೆದ ಅಂಕಿಗಿಂತ ಘನ ಮೀಟರಿಗೆ 3 ಕಿಲೊಗಿಂತ ಹೆಚ್ಚು ಆಚೀಚೆ ಆಗಿರಬಾರದು. ಸಾಲಿನ ಹಿಂದಿನವರು ಗೊಣಗುತ್ತಾರೆ, ನಿಜ. ಗದ್ದಲ ಇರುವ ದಿನ ಪರೀಕ್ಷೆ ಬೇಡವೆಂದು ಬಿಟ್ಟರೂ ಬಿಲ್ ಮಾತ್ರ ಬಿಡಬೇಡಿ, ಮಾರನೇ ದಿನದ ದೂರಿಗೆ ಅದೇ ಆಧಾರ.

ಬೋರ್ಡಿನ ದರಕ್ಕಿಂತ ಹೆಚ್ಚು ಕೇಳಿದರೆ, ಮಾಲಿಟ್ಟುಕೊಂಡು ಇಲ್ಲವೆಂದರೆ ಮೊದಲು ಬಂಕಿನ ದೂರು ಪುಸ್ತಕದಲ್ಲಿ ಬರೆಯಿರಿ. ನಂತರ ಕಂಪನಿಯ ಸಹಾಯವಾಣಿ, ಆಹಾರ ಇಲಾಖೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪೆಟ್ರೋಲ್, ಡೀಸೆಲ್ ಅಗತ್ಯ ವಸ್ತುಗಳ ಕಾಯ್ದೆಯಡಿ ಬರುತ್ತವೆ, ಬಚ್ಚಿಡುವುದು ಅಪರಾಧ. ತಲೆಗೆ ಇಷ್ಟೇ ಎಂದು ಮಿತಿ ಹಾಕಿ ಎಲ್ಲರಿಗೂ ಹಂಚುವುದನ್ನು ಮಾತ್ರ ಬಚ್ಚಿಡುವುದೆಂದು ತಿಳಿಯಬೇಡಿ. ನಿಜವಾದ ಬರಗಾಲದಲ್ಲಿ ಮಿತಿಯೇ ದಾರಿ. ಶ್ರೀಲಂಕಾ 2022ರಲ್ಲಿ ಕ್ಯೂಆರ್ ಕೋಡ್ ಪಾಸ್ ತಂದು ಬೈಕಿಗೆ ವಾರಕ್ಕೆ 4 ಲೀಟರ್, ಕಾರಿಗೆ 20 ಲೀಟರ್ ಎಂದು ಶುರುಮಾಡಿದ ಮೇಲೆಯೇ ಅಲ್ಲಿನ ದಿನಗಟ್ಟಲೆಯ ಸಾಲು ಕರಗತೊಡಗಿದ್ದು.

ಮನೆಯಲ್ಲಿ ಪೆಟ್ರೋಲ್ ಇಡುವ ಮಾತು

ಇಡಬೇಡಿ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯಲ್ಲಂತೂ ಬೇಡವೇ ಬೇಡ. ಪೆಟ್ರೋಲ್ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮಧ್ಯಾಹ್ನದ ಸೆಕೆಗೆ ಬಾಟಲಿ ಉಬ್ಬಿ, ಮುಚ್ಚಳದ ಸಂದಿನಿಂದ ಆವಿ ಸೋರುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಿದು ಹೊಸಿಲು ದಾಟಿ ಫ್ರಿಜ್ಜಿನ ಕಿಡಿಗೋ ದೇವರ ದೀಪಕ್ಕೋ ತಲುಪುತ್ತದೆ. ಬಾಟಲಿ ಬಚ್ಚಲ ಮನೆಯಲ್ಲಿ, ಬೆಂಕಿ ಅಡುಗೆ ಮನೆಯಲ್ಲಿ ಎಂಬ ಧೈರ್ಯ ಅದಕ್ಕೇ ಸಲ್ಲದು.

ಕಾನೂನು ಹೇಳುವುದೂ ತಿಳಿದಿರಲಿ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ 30 ಲೀಟರಿನವರೆಗೆ ಇಡಬಹುದು. ಗಾಜು ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದೊಂದು 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು, ಬಿರಡೆ ಭದ್ರವಾಗಿರಬೇಕು. ಪ್ಲಾಸ್ಟಿಕ್ ಬಾಟಲಿಯ ಹೆಸರೇ ಅಲ್ಲಿಲ್ಲ. ಬಂಕಿನ ಹುಡುಗ ಬಾಟಲಿಗೆ ಹಾಕುವುದಿಲ್ಲ ಎಂದರೆ ಅವನೊಂದಿಗೆ ಜಗಳವಾಡಬೇಡಿ. ಜನರೇಟರಿಗೋ ಕಳೆ ಕೊಚ್ಚುವ ಯಂತ್ರಕ್ಕೋ ಬೇಕೇಬೇಕಾದವರು ಮುಚ್ಚಳ ಬಿಗಿಯಾಗುವ ಲೋಹದ ಕ್ಯಾನ್ ಇಟ್ಟುಕೊಳ್ಳಿ. ತುಂಬಿಸುವಾಗ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಿ, ನಾಝಲ್ ಕ್ಯಾನಿಗೆ ತಾಗಿಯೇ ಇರಲಿ, ಸ್ಥಿರ ವಿದ್ಯುತ್ತಿನ ಕಿಡಿ ಏಳುವುದಿಲ್ಲ. ಹತ್ತನೇ ಒಂದು ಭಾಗ ಖಾಲಿ ಬಿಡಿ.

ದಾರಿ ಬದಿಯಲ್ಲಿ ಬಾಟಲಿಯಲ್ಲಿ ಮಾರುವ ಪೆಟ್ರೋಲ್ ದುಬಾರಿ ಮಾತ್ರವಲ್ಲ, ಅದರಲ್ಲಿ ಏನು ಬೆರೆತಿದೆ ಎಂದು ಹೇಳುವವರಿಲ್ಲ.

ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್ ಇರುವವರಿಗೆ

ನಾಟಿ, ಒಕ್ಕಣೆಯ ಸಮಯದಲ್ಲಿ ಡೀಸೆಲ್ ನಿಂತರೆ ರೈತನಿಗೆ ಆಗುವ ನಷ್ಟ ಸ್ಕೂಟರಿನವರ ಕಿರಿಕಿರಿಗೆ ಸಮನಲ್ಲ. ಹಾಗಾಗಿ ಹಂಗಾಮಿನಲ್ಲಿ ನಾಲ್ಕೈದು ದಿನದ ಡೀಸೆಲ್ ಇಟ್ಟುಕೊಳ್ಳುವುದನ್ನು ತಪ್ಪೆನ್ನಲಾಗದು. ಡೀಸೆಲ್ ಬೇರೆ ವರ್ಗಕ್ಕೆ ಸೇರುತ್ತದೆ. ಒಂದು ಪಾತ್ರೆ 1,000 ಲೀಟರ್ ಮೀರದಂತೆ ಒಟ್ಟು 2,500 ಲೀಟರಿನವರೆಗೆ ಪರವಾನಗಿ ಬೇಡ. ಬ್ಯಾರೆಲನ್ನು ಹುಲ್ಲಿನ ಬಣವೆಯಿಂದ ದೂರ, ನೆರಳಲ್ಲಿ, ಹಲಗೆಯ ಮೇಲೆ ಇಡಿ. ಬ್ಯಾರೆಲಿನ ತಳದಲ್ಲಿ ನೀರು, ಕಸ ಕೂರುತ್ತದೆ, ಆದ್ದರಿಂದ ಕೈಪಂಪಿನ ಕೊಳವೆ ತಳಕ್ಕಿಂತ ಎರಡು ಇಂಚು ಮೇಲಿರಲಿ.

ಡೀಸೆಲ್ ಪೂರ್ತಿ ಮುಗಿದು ಎಂಜಿನ್ ನಿಂತರೆ ಟ್ಯಾಂಕ್ ತುಂಬಿಸಿದ ಮಾತ್ರಕ್ಕೆ ಹೊರಡುವುದಿಲ್ಲ, ಪೈಪಿನಲ್ಲಿ ಗಾಳಿ ಹಿಡಿದಿರುತ್ತದೆ. ಹಳೆ ಮಾದರಿಯ ಎಂಜಿನಿನಲ್ಲಿ ಫಿಲ್ಟರ್ ಮೇಲಿನ ಗಾಳಿ ಬಿಡುವ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಪ್ರೈಮರ್ (ಡೀಸೆಲ್ ಎಳೆಯುವ ಪುಟ್ಟ ಕೈಪಂಪು) ಒತ್ತುತ್ತಾ ಇರಿ. ಮೊದಲು ಬುರುಗು ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಒತ್ತುವುದನ್ನು ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಕ್ಕೆ ಹೋಗುತ್ತದೆ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹಾಗೇ ಮಾಡಿ. ಹೊಸ ಬಗೆಯ ಕಾಮನ್ ರೈಲ್ ಎಂಜಿನಿನಲ್ಲಿ ಮಾತ್ರ ಒತ್ತಡದ ಪೈಪುಗಳ ನಟ್ಟಿಗೆ ಕೈ ಹಾಕಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ, ಸೂಜಿಯಂಥ ಧಾರೆ ಚರ್ಮದೊಳಕ್ಕೇ ನುಗ್ಗುತ್ತದೆ.

ಏರಿದ ದರವನ್ನು ಸಹಿಸುವುದು

ದರ ಇಳಿಸುವುದು ನಮ್ಮ ಕೈಲಿಲ್ಲ, ಲೀಟರ್ ಇಳಿಸುವುದು ಇದೆ. ಮೊದಲು ನಿಜವಾದ ಮೈಲೇಜ್ ತಿಳಿಯಿರಿ. ನಾಝಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ ಓಡೊಮೀಟರ್ ಬರೆದಿಟ್ಟುಕೊಳ್ಳಿ, ಒಂದೆರಡು ವಾರದ ನಂತರ ಅದೇ ಬಂಕಿನಲ್ಲಿ ಮತ್ತೆ ಹಾಗೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಮೀಟರ್ ತೋರಿಸುವ ಅಂಕಿ ನಂಬಬೇಡಿ. ಶೇ 20 ಎಥನಾಲ್ ಬೆರೆತ ಪೆಟ್ರೋಲಿನಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ನೀತಿ ಆಯೋಗದ ವರದಿಯ ಅಂದಾಜಿನಂತೆ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಶೇ 3–4, ಕಾರುಗಳಲ್ಲಿ ಶೇ 6–7. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಗಾಡಿಯಲ್ಲೇ ದೋಷ ಹುಡುಕಿ: ಗಾಳಿ ಕಮ್ಮಿಯಿರುವ ಟೈರು, ಧೂಳು ತುಂಬಿದ ಏರ್ ಫಿಲ್ಟರ್, ಬಿಡದೆ ಉಜ್ಜುವ ಬ್ರೇಕು. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು. ಬಂಕಿನಲ್ಲಿ ಗಾಳಿ ಉಚಿತ, ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು.

ಗಾಬರಿ ಇಳಿದ ಮೇಲೆ ಕ್ಯಾನಿನಲ್ಲಿ ಪೆಟ್ರೋಲ್ ಉಳಿದಿದ್ದರೆ ತಿಂಗಳೊಳಗೆ ಗಾಡಿಗೆ ಹಾಕಿ ಮುಗಿಸಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ನೀರು ಮಿತಿ ಮೀರಿದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಒಂದು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿ, ಎರಡು ಪದರ ಕಂಡರೆ ಅದನ್ನು ಗಾಡಿಗೂ ಹಾಕಬೇಡಿ, ಚರಂಡಿಗೂ ಸುರಿಯಬೇಡಿ, ಗ್ಯಾರೇಜಿನವರಿಗೆ ಕೊಡಿ.